ಬಾಕಿ ಹನ್ನೊಂದು ನಿಮಿಷ

ಹಾಸನ, ಪೆನ್ಷನ್ ಮೊಹಲ್ಲಾ. ಬೀಡಿ ಅಂಗಡಿಯ ಹಿಂದೆ
ಖುರ್ಷಿದಮ್ಮನ ಒಂದೇ ಕೋಣೆ.
ಒಂದು ಟೀವಿ, ಎರಡು ರಿಮೋಟು, ಕುಂಟುವ ಅಲಾರಂ ಗಡಿಯಾರ.
ಅರ್ಧ ಗಂಟೆಗೆ ಎರಡು ರೂಪಾಯಿ.

ಆಟ ಏಳದಿದ್ದರೆ ಕ್ಯಾಸೆಟ್ ಕಿತ್ತು ಊದಬೇಕು.
ನಾವು ಊದಿದರೆ ಬರೀ ಎಂಜಲು;
ಒಲೆ ಊದಿದವಳಿಗೆ ಅದು ಬೇಗ ಒಲಿಯುತ್ತಿತ್ತು.

ಅವತ್ತು ಆರು ಕೋಟೆ ದಾಟಿದ್ದೆ.
ಏಳನೆಯದರ ಸೇತುವೆಗೆ ಕಾಲಿಟ್ಟೆ,
ಕರೆಂಟು ಹೋಯಿತು.
ಕಪ್ಪು ಗಾಜಿನಲ್ಲಿ ನನ್ನದೇ ಮುಖ,
ಇನ್ನೂ ಒತ್ತುತ್ತಲೇ ಇದ್ದ ಹೆಬ್ಬೆರಳು.

ಮೇಣದ ಬತ್ತಿ ಹಚ್ಚಿ
ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದಳು:
ಧರಣೇಂದ್ರ. ಸೇತುವೆ. ಬಾಕಿ ಹನ್ನೊಂದು ನಿಮಿಷ.
‘ನಾಳೆ ಮತ್ತೆ ಮೊದಲಿಂದ ಆಡ್ಬೇಕಲ್ಲ?’
‘ಆಡು. ಎಲ್ಲಿದ್ದೆ ಅಂತ ನಂಗೊತ್ತು.’

ಆಮೇಲೆ ನೆನಪಿಟ್ಟುಕೊಳ್ಳುವ ಆಟಗಳು ಬಂದವು.
ಬಿಟ್ಟಲ್ಲೇ ತಂದು ನಿಲ್ಲಿಸಿ
ಕತ್ತಿ, ಕಾಸು, ಉಳಿದ ಜೀವ ಎಣಿಸಿಕೊಟ್ಟವು.
ಆಟದ ಲೋಕವನ್ನೇ ಬದಲಿಸಿದ್ದು ಅದು ಅಂತಾರೆ.
ಇರಬಹುದು.

ನನಗೆ ಮರುದಿನ ಜ್ವರ, ಆಮೇಲೆ ಪರೀಕ್ಷೆ,
ರಜೆ ಮುಗಿಸಿ ಬರುವಾಗ ಅಲ್ಲಿ ಜೆರಾಕ್ಸ್ ಅಂಗಡಿ.

ಮಗಳ ಫೋನು ‘ಮುಂದುವರಿಸಲೇ?’ ಎಂದಾಗೆಲ್ಲ
ಎಲ್ಲೋ ಮೇಣದ ವಾಸನೆ.
ಆ ಹನ್ನೊಂದು ನಿಮಿಷ
ಇನ್ನೂ ಖರ್ಚು ಮಾಡಿಲ್ಲ.