ಮೇಲಿನ ಗುಂಡಿ

ಕೊರಳನ್ನು ಮುಟ್ಟದೆ ಅಳೆಯಬೇಕು, ಅಪ್ಪ ಹೇಳಿಕೊಟ್ಟಿದ್ದು:
ಟೇಪಿನೊಳಗೆ ಎರಡು ಬೆರಳಿಗೆ ಜಾಗ,
ಉಸಿರಿಗೆ ಒಂದು, ಎಂಜಲು ನುಂಗಲು ಒಂದು.
ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಈ ಎಂಟಡಿ ಅಂಗಡಿಯಲ್ಲಿ
ನಲವತ್ತು ವರ್ಷ ಖಾಕಿ ಹೊಲಿದಿದ್ದೇನೆ,
ಭಾವಸಾರರ ವಿಠೋಬರಾವ್ ನಾನು.
ಡಿಪೋದವರ ಅಳತೆಯೆಲ್ಲ ಪುಸ್ತಕದಲ್ಲಿದೆ.

ಆಲ್ದೂರು ಮಾರ್ಗದ ಕಂಡಕ್ಟರ್ ಇಂದ್ರಾಣಿ
ಕಾರ್ತಿಕದಲ್ಲಿ ಶರಟು ವಾಪಸು ತಂದಳು.
"ರಾಯರೇ, ಮೇಲಿನ ಗುಂಡಿ ಹಾಕಿದರೆ ಒತ್ತುತ್ತೆ.
ನಿಮ್ಮ ಕೈ ತಪ್ಪಿದೆ."
ಪುಸ್ತಕ ತೆಗೆದೆ. ಯುಗಾದಿಗೆ ಹದಿಮೂರೂಕಾಲು,
ಈಗ ಅರ್ಧ ಇಂಚು ಜಾಸ್ತಿ.
ತೋಳು ಅಷ್ಟೇ ಇದೆ, ಭುಜ ಅಷ್ಟೇ ಇದೆ.
ನೀರು ಕೊಟ್ಟೆ, ಕುಡಿದಳು.
ಗುಟುಕಿನ ಜೊತೆ ಮೇಲೇರಿ ಇಳಿಯಿತು
ಬಲಗಡೆ ಒಂದು ನೆಲ್ಲಿಕಾಯಿ.
ನನ್ನ ಕೈ ತಪ್ಪಿರಲಿಲ್ಲ. ತಪ್ಪಿದ್ದರೆ ಚೆನ್ನಾಗಿತ್ತು.

ಆಮೇಲಿನದೆಲ್ಲ ಅವಳ ಬಾಯಲ್ಲೇ ಕೇಳಿದ್ದು,
ಟ್ರಿಪ್ಪು ಟ್ರಿಪ್ಪಿನ ನಡುವೆ, ಕಂತು ಕಂತಾಗಿ.
ರಕ್ತದಲ್ಲಿ ಥೈರಾಯಿಡ್ ಲೆಕ್ಕ ಸರಿಯಾಗಿತ್ತಂತೆ.
ಲೆಕ್ಕ ಸರಿಯಿದ್ದ ಬಸ್ಸಿನಲ್ಲೂ ಕಳ್ಳ ಕೂತಿರಬಹುದು,
ಅದು ಅವಳಿಗೆ ಗೊತ್ತು.
ಸ್ಕ್ಯಾನಿನಲ್ಲಿ ಗಂಟಿನ ಅಂಚು ಎಳೆ ಬಿಚ್ಚಿದ ಬಟ್ಟೆಯ ಹಾಗೆ,
ಒಳಗೆ ಬಿಳಿ ಚುಕ್ಕೆ, ನನ್ನ ಸೀಮೆಸುಣ್ಣ ಉದುರಿದಂತೆ.
ಹಾಸನದಲ್ಲಿ ಸೂಜಿ ಹಾಕಿದರು.
ಗಾಜಿನ ಮೇಲೆ ಹರಡಿ ನೋಡಿದ ಡಾಕ್ಟರಮ್ಮ
ಅವಳ ಊರು ಕೇಳಿಕೊಂಡು ಹೇಳಿದರಂತೆ:
"ಕಾಫಿಬೀಜದ ನಡುವೆ ಸೀಳು ಇರುತ್ತಲ್ಲಮ್ಮ,
ಈ ಕಣಗಳ ಒಳಗಿನ ಬೀಜಕ್ಕೂ ಹಾಗೇ ಗೆರೆ ಬಿದ್ದಿದೆ.
ಪ್ಯಾಪಿಲರಿ ಅಂತ ಹೆಸರು. ಕೆಟ್ಟವುಗಳಲ್ಲಿ ಮಾತು ಕೇಳುವಂಥದ್ದು."

"ಕ್ಯಾನ್ಸರ್ ಅಂದರೆ ಒಂದೇ ಗಾಡಿಯಲ್ಲ ರಾಯರೇ,
ಬೋರ್ಡು ಬೇರೆ ಬೇರೆ."
ಪಕ್ಕದ ಬೆಂಚಿನ ಅಜ್ಜನದು ಫಾಲಿಕ್ಯುಲರ್ ಇರಬಹುದೆಂಬ ಸಂದೇಹ.
ಅದು ಸೂಜಿಗೆ ಬಾಯಿ ಬಿಡುವುದಿಲ್ಲ,
ಕೊಯ್ದು ತೆಗೆದು, ಅಸ್ತರು ತೂತಾಗಿದೆಯೇ ನೋಡಬೇಕು.
ಕಳಸದ ಅಕ್ಕತಂಗಿಯರದು ಮೆಡುಲ್ಲರಿ, ತಾಯಿಯಿಂದ ಬಂದದ್ದು,
ಕೊರಳ ಸರದ ಹಾಗೆ, ಆದರೆ ಯಾರೂ ಪಾಲು ಕೇಳದ್ದು.
ಅದಕ್ಕೆ ಅಯೋಡಿನ್ ನಾಟುವುದಿಲ್ಲ.
ಇನ್ನೊಂದರ ಹೆಸರನ್ನು ಅವಳು ಹೇಳಲಿಲ್ಲ.
ತರೀಕೆರೆಯ ಮುದುಕಿಗೆ ತಿಂಗಳಲ್ಲೇ ಕೊರಳು ತುಂಬಿತು,
ಮುಂದಿನ ಸಲ ಹೋದಾಗ ಆ ಬೆಂಚು ಖಾಲಿ.

ಧ್ವನಿಯ ನರ ಗ್ರಂಥಿಗೆ ಆತುಕೊಂಡೇ ಹೋಗುತ್ತದಂತೆ.
ಹೊಲಿಗೆ ಬಿಚ್ಚುವ ಕಷ್ಟ ನನಗೆ ಗೊತ್ತು:
ದಾರ ಕಡಿಯಬೇಕು, ಬಟ್ಟೆ ಕಡಿಯಬಾರದು.
ಗ್ರಂಥಿ ಪೂರಾ ತೆಗೆದರು.
ಎಚ್ಚರವಾದ ಕೂಡಲೇ ಅವಳು ಅಂದದ್ದು "ರೈಟ್",
ಪಿಸುಮಾತಿನಲ್ಲಿ. ಮೂರು ವಾರ ಬರೀ ಪಿಸುಮಾತು.
ಬೆರಳ ತುದಿ ಜುಮ್ಮೆಂದರೆ ಕ್ಯಾಲ್ಸಿಯಂ ಮಾತ್ರೆ.
ಆಮೇಲೆ ಅಯೋಡಿನ್ ಉಪ್ಪು ಬಿಡಿಸಿದರು, ಕಡಲಮೀನು ಬಿಡಿಸಿದರು,
ಉಳಿದ ಕಣ ಎಲ್ಲಿ ಅಡಗಿದ್ದರೂ ಹಸಿದು ಬರಲೆಂದು.
ಬಂದದ್ದಕ್ಕೆ ಒಂದೇ ಒಂದು ಕ್ಯಾಪ್ಸೂಲಿನ ಊಟ.
ಮಂಗಳೂರಿನ ಕೋಣೆಯಲ್ಲಿ ಒಬ್ಬಳೇ,
ಅನ್ನ ಬಾಗಿಲವರೆಗೆ ಬರುತ್ತಿತ್ತು, ಜನ ಬರುತ್ತಿರಲಿಲ್ಲ.
ಐವತ್ತು ಸೀಟಿಗೆ ತೊಂಬತ್ತು ಮಂದಿ ತುಂಬಿದವಳು
ಮೂರು ದಿನ ಗೋಡೆಗೆ ಟಿಕೆಟ್ ಹರಿದಳು.

ಈಗ ಬೆಳಗಿನ ಮೊದಲ ಗಾಡಿಗೆ ಮುಂಚೆ
ಬರಿಹೊಟ್ಟೆಗೆ ಒಂದು ಮಾತ್ರೆ, ಜೀವ ಇರುವವರೆಗೆ.
ಕಾಫಿ ಒಂದು ಗಂಟೆ ಕಾಯಬೇಕು.
"ಅದೇ ಕಷ್ಟ ನೋಡಿ," ಎನ್ನುತ್ತಾಳೆ.
ಆರು ತಿಂಗಳಿಗೊಮ್ಮೆ ರಕ್ತ ಕೊಟ್ಟು ಬರುತ್ತಾಳೆ.
ಪೂರ್ತಿ ವಾಸಿಯೇ ಎಂದು ನಾನು ಕೇಳಿಲ್ಲ.

ನಿನ್ನೆ ಹೊಸ ಖಾಕಿ ಬಟ್ಟೆ ತಂದಳು.
ಕಾಲರು ಎತ್ತರಕ್ಕೆ ಇಡಲೇ ಎಂದೆ.
"ಯಾಕೆ? ಮೊದಲಿನ ಹಾಗೇ."
ಗಾಯದ ಗೆರೆ ನೋಡಿದೆ. ಕೊರಳ ಮಡಿಕೆಯಲ್ಲೇ ಕೂರಿಸಿದ್ದಾರೆ,
ಒಳ್ಳೆ ಕೈ, ಯಾರದೋ.
ಟೇಪು ಹಿಡಿದೆ: ಬರೀ ಹದಿಮೂರು. ಬರೆದುಕೊಂಡೆ.

ಅವಳು ಹೋದ ಮೇಲೆ ಟ್ರಯಲ್ ಕನ್ನಡಿಯೆದುರು ನಿಂತು
ನನ್ನ ಮೇಲಿನ ಗುಂಡಿ ಬಿಚ್ಚಿ,
ಒಂದು ಗುಟುಕು ನೀರು ಕುಡಿದೆ.
ನಲವತ್ತು ವರ್ಷದಲ್ಲಿ ಅಳೆಯದೆ ಉಳಿದದ್ದು
ಈ ಒಂದು ಕೊರಳು.