ಉಪ್ಪಿನ ಲೆಕ್ಕ

ಹೊಸ ಬಡಾವಣೆಯಲ್ಲಿ ನನ್ನ ಪಾಲಿಗೆ ಬಂದದ್ದು
ಮನೆಯ ಹಿಂದೆ ಮೂರು ಅಡಿ. ಅಳೆದರೆ ಮೂರೂಕಾಲು.
ಆ ಕಾಲಡಿ ತನ್ನದೆನ್ನುತ್ತಾರೆ ಪಕ್ಕದ ಚಿಣ್ಣಪ್ಪ.
ಅಲ್ಲೇ ಕೊತ್ತಂಬರಿ ಚೆಲ್ಲಿದ್ದೇನೆ,
ಜಗಳವಾದ ದಿನ ಕಿತ್ತು ಸಾರಿಗೆ ಹಾಕಿದರಾಯಿತು.

ಮಣ್ಣೂ ಮಣ್ಣಲ್ಲ. ಟಿಪ್ಪರಿನಲ್ಲಿ ತಂದು ಸುರಿದದ್ದು,
ಯಾವುದೋ ಗುಡ್ಡದ ಹೊಟ್ಟೆಯೊಳಗಿನದು;
ಬಿಸಿಲಿಗೆ ಹೆಂಚು, ಮಳೆಗೆ ಗೋಂದು.
ಎರಡು ವರ್ಷ ಕಾಫಿ ಸಿಪ್ಪೆ ತಿನ್ನಿಸಿದೆ,
ಬೂದಿ ತಿನ್ನಿಸಿದೆ, ಮೀನು ತೊಳೆದ ನೀರು ಕುಡಿಸಿದೆ.
ಮೂರನೆಯ ವರ್ಷ ಒಂದು ಎರೆಹುಳು ಬಂತು.
ಒಂದೇ.
ಯಾರಿಗೂ ಹೇಳಲಿಲ್ಲ.

ಹೂಮಳೆ ಬಿದ್ದ ಮರುದಿನ ಸುಂಟಿಕೊಪ್ಪದಲ್ಲೆಲ್ಲ
ಕಾಫಿ ಹೂವಿನದೇ ಮಾತು.
ನಾನು ಪೇಂಟಿನ ಡಬ್ಬಗಳಿಗೆ ತೂತು ಕೊರೆಯುತ್ತೇನೆ:
ನೀಲಿಯದಕ್ಕೆ ಸೂಜಿಮೆಣಸು, ಬಿಳಿಯದಕ್ಕೆ ಬದನೆ,
ಹಿಡಿ ಮುರಿದದ್ದಕ್ಕೆ ಕಾಡುಕೊತ್ತಂಬರಿ,
ಅದಕ್ಕೆ ನೆರಳಿದ್ದರೆ ಸಾಕು, ಉಪಚಾರ ಬೇಡ.
ಬಾತ್‌ರೂಮಿನ ನೀರು ಹರಿಯುವಲ್ಲಿ ಕೆಸ
ತಾನಾಗಿ ಎದ್ದು ಕಿವಿಯಗಲಿಸಿ ನಿಂತಿದೆ,
ಮನೆಯೊಳಗಿನ ಮಾತು ಕೇಳುವ ಹಾಗೆ.

ಹಳೆಯ ತೋಟದಲ್ಲಿ ಇಷ್ಟು ಲೆಕ್ಕ ಇರಲಿಲ್ಲ.
ಒಲೆಯ ಮೇಲೆ ಅಟ್ಟ, ಅಟ್ಟದ ತುಂಬ ಹೊಗೆ,
ಬಾಳೆನಾರಿನಲ್ಲಿ ತೂಗುವ ಸೌತೆ,
ಸಗಣಿಯಲ್ಲಿ ಅದ್ದಿ ಗೋಡೆಗೆ ತಟ್ಟಿದ ಹೀರೆಬೀಜ.
ಗುಡ್ಡ ಜಾರಿದ ಬೆಳಿಗ್ಗೆ
ಗೋಡೆ ಹೋಯಿತು, ಗೋಡೆಯೊಡನೆ ಬೀಜ ಹೋಯಿತು,
ಅತ್ತೆಯ ಕೈಬರಹದ ಪುಸ್ತಕವೂ ಹೋಯಿತು:
ಯಾವ ಭರಣಿಗೆ ಎಷ್ಟು ಉಪ್ಪು,
ಯಾವ ತಿಂಗಳು ಮುಚ್ಚಳ ತೆಗೆಯಬಾರದು.

ಇಲ್ಲಿ ಗ್ಯಾಸು. ಹೊಗೆಯಿಲ್ಲ.
ಮಳೆಗಾಲಕ್ಕೆ ಮೆಣಸು ಒಣಗುವುದು
ಫ್ರಿಜ್ಜಿನ ಬೆನ್ನಿನ ಬಿಸಿಗೆ.
ಮೊದಲ ವರ್ಷ ಕಾಡುಮಾವು ಉಪ್ಪುನೀರಿಗೆ ಹಾಕಿ
ಎರಡು ಮುಷ್ಟಿ ಸಾಕೆಂದೆ; ಕಕ್ಕಡದಲ್ಲಿ ತೆಗೆದರೆ
ಮೇಲೆ ಬಿಳಿ ಪೊರೆ, ಕೆಳಗೆ ಹುಳು.
ಮರುವರ್ಷ ಸಿಟ್ಟಿನಿಂದ ಐದು ಹಾಕಿದೆ.
ನಾಲ್ಕು ನೀರು ಬದಲಿಸಿದರೂ ನಾಲಿಗೆ ಸುಟ್ಟಿತು.
ಗಂಡ ಮಾತಾಡದೆ ತಿಂದು
ರಾತ್ರಿಯೆಲ್ಲ ನೀರು ಕುಡಿದ.

ಕಣಿಲೆಯಾದರೆ ಧೈರ್ಯ: ಹೆಚ್ಚಿ ನೀರಲ್ಲಿಟ್ಟು
ಮೂರು ದಿನ ನೀರು ಬದಲಿಸಬೇಕೆಂದು
ಕೈಗೆ ಗೊತ್ತು, ಪುಸ್ತಕ ಬೇಡ.
ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪೂ ಹಾಗೆಯೇ,
ಬೇಲಿಯ ಬುಡದಲ್ಲಿ ನೆಟ್ಟ ಒಂದು ಕಡ್ಡಿ
ಪಾತ್ರೆಯ ತುಂಬ ನೇರಳೆ ಬಿಟ್ಟುಕೊಟ್ಟಿತು.
ಪಾಯಸ ಕುಡಿದ ಮಗಳು ಮರುದಿನ ಬೆಳಿಗ್ಗೆ
ಕೆಂಪು ಕಂಡು ಕಿರುಚಿಕೊಂಡಳು.
ಹೆದರಬೇಡ, ಮದ್ದು ಒಳಗೆ ಹೋಗಿದೆ ಎಂದೆ.

ಆ ಸಂತೆಯ ದಿನ ಆಸ್ಯಮ್ಮ ಸಿಕ್ಕಿದಳು.
ಛತ್ರಿಯ ಕೆಳಗೆ ಕೊಡೆ ಅಗಲದ ಅಂಗಡಿ,
ಸೊಪ್ಪು, ಮೊಟ್ಟೆ, ಸಿರಪ್ ಬಾಟಲಿಯಲ್ಲಿ ಕಾಚಂಪುಳಿ.
ನನ್ನನ್ನು ನೋಡಿ ಸೊಂಟದಿಂದ ಬೆಂಕಿಪೊಟ್ಟಣ ತೆಗೆದಳು.
ಅಲ್ಲಾಡಿಸಿದರೆ ಸದ್ದು.
ಒಳಗೆ ಹನ್ನೊಂದು ಬೀನ್ಸ್ ಬೀಜ,
ಗೌಜಲಕ್ಕಿಯ ಮೊಟ್ಟೆಯ ಹಾಗೆ ಚುಕ್ಕೆಚುಕ್ಕೆ.
ಹಿಂದೊಮ್ಮೆ ಚೌಕಾಸಿ ಮಾಡಿದ್ದಕ್ಕೆ ಮುನಿದು
ಒಂದೇ ಹಿಡಿ, ಹುಳುಕು ಬೇರೆ ಬೆರೆಸಿ, ಕೊಟ್ಟಿದ್ದೆ.
ಹುಳುಕು ಬೆರೆಸಿದ್ದು ಅವಳಿಗೆ ಗೊತ್ತಿತ್ತು.
‘ನಿಮ್ಮದೇ,’ ಎಂದಳು, ‘ಹುಳುಕನ್ನು ನಾನೇ ತಿಂದೆ.’
ಕಾಚಂಪುಳಿಗೆ ಮಾತ್ರ ರೇಟು ಇಳಿಸಲಿಲ್ಲ.

ಹನ್ನೊಂದರಲ್ಲಿ ಒಂಬತ್ತು ಹುಟ್ಟಿದವು.
ಒಂದನ್ನು ಬಸವನಹುಳು ತಿಂದಿತು.
ಉಳಿದವು ಟಿವಿ ಕೇಬಲ್ಲು ಹಿಡಿದು ಹತ್ತಿ
ಚಿಣ್ಣಪ್ಪನ ಕಿಟಕಿಯವರೆಗೆ ಹೋಗಿವೆ.
ಈ ಸಲದ ಕಾಯಿ ಪೂರ್ತಿ ಬೀಜಕ್ಕೆ, ಪಲ್ಯಕ್ಕಿಲ್ಲ ಎಂದು
ಮನೆಯಲ್ಲಿ ಕಟ್ಟಪ್ಪಣೆ ಮಾಡಿದ್ದೇನೆ.
ಕಿಟಕಿಯಾಚೆ ಎಷ್ಟು ಹೋಯಿತೋ ಲೆಕ್ಕ ಕೇಳಿಲ್ಲ.
ಅವರೂ ಕಾಲಡಿಯ ಸುದ್ದಿ ಎತ್ತಿಲ್ಲ.

ನಿನ್ನೆ ಮೂರನೆಯ ವರ್ಷದ ಮಾವಿನ ಭರಣಿ ತೆರೆದೆ.
ಬೆರಳದ್ದಿ ನೆಕ್ಕಿದೆ. ಇನ್ನೊಮ್ಮೆ ನೆಕ್ಕಿದೆ.
ಮಗಳ ಪೆನ್ಸಿಲು ತೆಗೆದು ಅಡುಗೆಮನೆಯ
ಹೊಸ ಗೋಡೆಯ ಮೇಲೇ ಬರೆದೆ:
ದೊಡ್ಡ ಭರಣಿಗೆ ಮೂರೂವರೆ ಮುಷ್ಟಿ.
ಮುಷ್ಟಿ ನನ್ನದು.