ಕೆಂಪು ದೀಪದ ಪಾಳಿ

ಜಾಲಹಳ್ಳಿಯ ವಾಚಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ
ಚಿಮಟದ ತುದಿಗೆ ಕೂದಲೆಳೆ ಸ್ಪ್ರಿಂಗು ಹಿಡಿದವಳು ನಾನು.
ಜೋರಾಗಿ ಉಸಿರು ಬಿಡುವಂತಿರಲಿಲ್ಲ.
ಈಗ ಯಶವಂತಪುರದಾಚೆ ಒಂದು ನೆಲಮಾಳಿಗೆ,
ಹಗಲೂ ಕತ್ತಲು, ರಾತ್ರಿಯೂ ಕತ್ತಲು,
ಇಲಿಗಳಿಗೆ ಕಾಳು, ನೀರು, ಹೊಸ ಮರದ ಹೊಟ್ಟು.
ಕೆಂಪು ದೀಪವೊಂದೇ. ಅದು ಅವಕ್ಕೆ ಕಾಣದಂತೆ.

ಹನ್ನೊಂದನೇ ಪಂಜರದ್ದು ಸಾದಾ ಇಲಿ.
ಯಾರೂ ಹೊತ್ತು ಹೇಳದಿದ್ದರೂ
ತನ್ನ ಸಂಜೆಗೆ ತಾನೇ ಎದ್ದು ಚಕ್ರ ಹತ್ತುತ್ತದೆ,
ದಿನಾ ಇಪ್ಪತ್ತು ನಿಮಿಷ ಮುಂಚೆ.
ನಮ್ಮಲ್ಲಿ ಇಷ್ಟು ಫಾಸ್ಟ್ ಓಡಿದ್ದನ್ನು
ತಪಾಸಣೆಯ ತಿಪ್ಪಯ್ಯನವರು ಟ್ರೇ ಸಮೇತ ವಾಪಸು ಕಳಿಸುತ್ತಿದ್ದರು.

ಹನ್ನೆರಡರದ್ದಕ್ಕೆ ಒಂದೇ ಒಂದು ಜೀನ್ ಇಲ್ಲ.
ಒಂಚೂರು ತಿಂದು, ಒಂಚೂರು ಓಡಿ,
ಒರಗಿ, ಬೆಚ್ಚಿ, ಮತ್ತೆ ಓಡಿ,
ಕಾಗದದ ಮೇಲೆ ಅದರ ಹತ್ತು ದಿನ
ಮೊರ ಜಾರಿ ಚೆಲ್ಲಿದ ರಾಗಿ.
ದೀಪ ಹಾಕಿ ಆರಿಸುತ್ತಿದ್ದಾಗ ಸರಿಯಾಗೇ ಇತ್ತು ಆಂಟಿ,
ಅನ್ನುತ್ತಾಳೆ ಸಂಶೋಧನೆಯ ಹುಡುಗಿ ಶಾಹಿದಾ,
ಕತ್ತಲಲ್ಲೇ ಗೊತ್ತಾಗೋದು, ಒಳಗಿದೆಯೋ ಇಲ್ಲವೋ.
ಮರಿ ಹಾಕಲ್ಲ. ಮುಪ್ಪೂ ಬೇಗ.
ಹೊತ್ತಿಗೂ ಮುಪ್ಪಿಗೂ ಏನಮ್ಮ ನಂಟು?
ಅದನ್ನೇ ಹುಡುಕ್ತಿದೀವಿ.

ಕಾರ್ಖಾನೆ ಮುಚ್ಚಿ ಮೂರು ತಿಂಗಳು
ಐದೂಕಾಲಿಗೆ ಎಚ್ಚರಾಗಿ ಡಬ್ಬಿ ಕಟ್ಟಿದ್ದೆ,
ಬಾರದ ಬಸ್ಸಿಗೆ. ಅದನ್ನು ಅವಳಿಗೆ ಹೇಳಲಿಲ್ಲ.

ಹೊಟ್ಟು ಬದಲಿಸುವಾಗ ಹನ್ನೆರಡರದ್ದು
ಅಂಗೈಯಲ್ಲಿ ಮುದುರಿ ಕೂತಿತು, ಮೀಸೆ ಆಗಲೇ ಬಿಳಿ.
ಹಳೇ ಚಾಳಿ, ಕಿವಿಗೆ ಹಿಡಿದೆ.
ಲೆಕ್ಕಕ್ಕೇ ಸಿಗದಷ್ಟು ಬಿರುಸು.
ನಡೀತಿತ್ತು.